ನೆಲ ಮುಟ್ಟಿದ ಕತ್ತಿ

ಆ ಕಸಾಯಿಖಾನೆಯಲ್ಲಿ ಐದು ಮೇಜು, ಐದು ಮೇಜಿಗೆ ಐದು ಕತ್ತಿ, ಐದು ಕತ್ತಿಗೂ ಸೇರಿ ಒಂದೇ ಕಟ್ಟಳೆ: ಕತ್ತಿ ನೆಲ ಮುಟ್ಟಿದರೆ ಅದನ್ನು ಹಿಡಿದವನ ಮೈಯೂ ನೆಲ ಮುಟ್ಟಬೇಕು. ಈ ಕಥೆಯನ್ನು ನನಗೆ ಹೇಳಿದವರು ಮೂವರು. ತೊಗಲು ಬಿಡಿಸುವ ಮುದುಕ, ಏಟು ತಿಂದವನ ಹೆಂಡತಿ, ಏಟು ಕೊಟ್ಟ ತಮ್ಮ. ಮೂವರೂ ಮೊದಲು ಹೇಳಿದ್ದು ಈ ಕಟ್ಟಳೆಯನ್ನೇ. ಆದ್ದರಿಂದ ನಾನೂ ಅಲ್ಲಿಂದಲೇ ಹಿಡಿಯುತ್ತೇನೆ.

ಕಟ್ಟಳೆ ಹುಟ್ಟಿದ್ದು ಒಂದು ಸಾವಿನಿಂದ. ಕುಡಿದು ಬಂದವನೊಬ್ಬನ ಕೈಯಿಂದ ಜಾರಿದ ಕತ್ತಿ ಹಸಿ ನೆಲದ ಮೇಲೆ ಪುಟಿದು ಪಕ್ಕದವನ ತೊಡೆಸಂದಿಗೆ ಹೊಕ್ಕಿತಂತೆ. ಪ್ರಾಣ ಹೋಗಲು ಕುರಿಗೆ ಎಷ್ಟು ಹೊತ್ತು ಬೇಕೋ ಅವನಿಗೂ ಅಷ್ಟೇ ಹೊತ್ತು ಸಾಕಾಯಿತು ಎಂದು ಮುದುಕ ಹೇಳಿದ. ಅಂದಿನಿಂದ ಕತ್ತಿ ಬೀಳಿಸಿದವನಿಗೆ ನಾಲ್ಕು ಏಟು, ಉಳಿದ ನಾಲ್ಕು ಮೇಜುಗಳ ಪರವಾಗಿ ಒಂದೊಂದು. ನಾಲ್ಕನ್ನೂ ಹೊಡೆಯಬೇಕಾದವನು ಪಕ್ಕದ ಮೇಜಿನವನು, ಏಕೆಂದರೆ ಸಾಯಬಹುದಾಗಿದ್ದವನು ಅವನೇ. ಮುಷ್ಟಿಯಿಂದ, ಮುಖಕ್ಕೆ. ಏಟು ತಿನ್ನುವವನು ಕುಸಿದರೆ ಇಬ್ಬರು ಎತ್ತಿ ನಿಲ್ಲಿಸಬೇಕು. ಕಾರಣ ಕೇಳುವಂತಿಲ್ಲ. ನಾಲ್ಕಾದ ಮೇಲೆ ನೆಲಕ್ಕೆ ಬಿದ್ದವನನ್ನು ಯಾರೂ ಮುಟ್ಟುವಂತಿಲ್ಲ. ಐದನೆಯ ಏಟು ಎಂಬುದು ಆ ಐದು ಮೇಜಿನ ಸಾಲಿನಲ್ಲಿ ಇರಲೇ ಇಲ್ಲ.

ಮೊದಲ ಮೇಜು ಅಣ್ಣನದು. ಐವತ್ತೆರಡು ವರ್ಷ, ಗೂಳಿಯ ಕುತ್ತಿಗೆ, ದವಡೆಯಲ್ಲಿ ಸದಾ ಹೊಗೆಸೊಪ್ಪು. ಕೊಕ್ಕೆಗೆ ನೇತುಬಿದ್ದ ಕುರಿಯನ್ನು ಮೂಳೆಗೆ ಕತ್ತಿ ತಾಕಿದ ಸದ್ದಿಲ್ಲದೆ ಬಿಡಿಸುತ್ತಿದ್ದನಾದ್ದರಿಂದ ಎಲ್ಲರೂ ಅವನನ್ನು ದೊಡ್ಡಕತ್ತಿ ಎನ್ನುತ್ತಿದ್ದರು. ಅವನ ಬಲಗಡೆಯ ಎರಡನೆಯ ಮೇಜು ತಮ್ಮನದು. ಅಪ್ಪ ತೀರಿಕೊಂಡಾಗ ತಮ್ಮನಿಗೆ ಏಳು ವರ್ಷ; ಸಾಕಿದವನು ಅಣ್ಣ, ಕೈಗೆ ಕತ್ತಿ ಕೊಟ್ಟವನೂ ಅಣ್ಣ. ನಾನು ಹೇಳಹೊರಟ ಘಟನೆಗೆ ಆರು ವರ್ಷ ಮೊದಲು ಮೈ ಸುಡುವ ಜ್ವರದಲ್ಲಿ ಕೆಲಸಕ್ಕೆ ಬಂದ ತಮ್ಮನ ಕೈಯಿಂದ ಕತ್ತಿ ಜಾರಿತ್ತು. "ಜ್ವರ ಅಣ್ಣಾ" ಎಂದನಂತೆ. "ಕಾರಣ ಕೇಳೋ ಹಾಗಿಲ್ಲ" ಎಂದು ಅಣ್ಣ ನಾಲ್ಕು ಹೊಡೆದ. ಮೂರನೆಯದಕ್ಕೆ ಮುಂದಿನ ಹಲ್ಲು ಹೋಯಿತು. ಅಣ್ಣನೇ ಅದನ್ನು ನೆಲದಿಂದ ಹೆಕ್ಕಿ, ತೊಳೆದು, ತಮ್ಮನ ಅಂಗೈಗೆ ಇಟ್ಟ. ತಮ್ಮ ಆ ಹಲ್ಲನ್ನು ಎಸೆಯಲಿಲ್ಲ. ಕತ್ತಿ ಮಸೆಯುವ ಕಲ್ಲಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದ. ದಿನವೂ ಕಲ್ಲು ತೆಗೆಯುವಾಗ ಅದು ಕೈಗೆ ತಾಕುತ್ತಿತ್ತು.

ಘಟನೆಗೆ ಹದಿನೈದು ದಿನ ಮೊದಲು, ಬೆಳಗಿನ ಊಟದ ತಟ್ಟೆಯ ಮುಂದೆ ಅಣ್ಣನ ಬಲಗೈಯಿಂದ ಚಮಚ ಬಿತ್ತು. ಎತ್ತಲು ಹೋದ, ಬೆರಳು ಕೂಡಲಿಲ್ಲ. ಹೆಂಡತಿಯನ್ನು ಕರೆಯಲು ಬಾಯಿ ತೆರೆದರೆ ಬಂದದ್ದು ಮಾತಲ್ಲ, ಉರುಳಾಡುವ ಸದ್ದು. ಹತ್ತು ನಿಮಿಷದಲ್ಲಿ ಎಲ್ಲವೂ ಮೊದಲಿನಂತಾಯಿತು.

"ಆಸ್ಪತ್ರೆಗೆ ನಡೀರಿ" ಎಂದಳು ಆಕೆ.

"ಹೋದ್ರೆ ಸುದ್ದಿ ಸಾಲಿಗೆ ಮುಟ್ಟುತ್ತೆ. ಕೈ ಜಾರೋನಿಗೆ ಮೊದಲ ಮೇಜು ಕೊಡ್ತಾರಾ? ಬಾಯಿಗೆ ಬೀಗ ಹಾಕ್ಕೋ. ಸೂಜಿದಾರ ತಗೊಂಡು ಬಾ."

ಆಕೆ ಬಟ್ಟೆ ಒಗೆಯುವ ಅಂಗಡಿಯಲ್ಲಿ ಹರಿದ ಹಾಸುಬಟ್ಟೆ ಹೊಲಿಯುವವಳು. ದಪ್ಪ ಬಟ್ಟೆಯ ಪಟ್ಟಿಯೊಂದನ್ನು ಹೊಲಿದುಕೊಟ್ಟಳು. ಅಣ್ಣ ಅದರಿಂದ ಕತ್ತಿಯ ಹಿಡಿಯನ್ನು ಅಂಗೈಗೆ ಬಿಗಿದು, ಮೇಲೆ ಅಲಗು ಹೊರಬರುವಂತೆ ಬದಿ ಸೀಳಿದ ರಬ್ಬರಿನ ಕೈಗವಸು ತೊಡುತ್ತಿದ್ದ. ಕೈ ಸೋತರೂ ಕತ್ತಿ ಬೀಳಬಾರದು. ಕುರಿಯ ಇನ್ನೂರು ಎಲುಬಿನ ಲೆಕ್ಕ ಬಲ್ಲ ಮನುಷ್ಯ ತನ್ನ ಕೈಗೆ ತಾನೇ ಮೋಸಮಾಡಲು ಕಂಡುಕೊಂಡ ದಾರಿ ಇದು.

ಆ ದಿನ ಒಂಬತ್ತಕ್ಕೆ ಕಾಲು ಗಂಟೆ ಇರುವಾಗ ಅಣ್ಣ ಚೆನ್ನಾಗಿಯೇ ಇದ್ದ. ತೊಗಲಿನ ಮುದುಕನಿಗೆ, "ಅಜ್ಜಾ, ನೀನು ಸುಲಿಯೋ ಹೊತ್ತಿಗೆ ಕುರಿಗೆ ಇನ್ನೊಂದು ತೊಗಲು ಬೆಳೆದಿರುತ್ತೆ" ಎಂದು ನಗಿಸಿದ್ದನ್ನು ಮುದುಕನೂ ತಮ್ಮನೂ ಒಂದೇ ಮಾತಿನಲ್ಲಿ ಹೇಳಿದರು. ಒಂಬತ್ತಕ್ಕೆ ಚಹಾ ಬಂತು. ಅಣ್ಣನ ಬಾಯಿಯ ಬಲತುದಿಯಿಂದ ಚಹಾ ಸೋರಿ ಗದ್ದಕ್ಕೆ ಇಳಿಯಿತು. "ಕೂಸಿಗೊಂದು ಜೊಲ್ಲುಬಟ್ಟೆ ಕಟ್ರಪ್ಪಾ" ಎಂದು ಮುದುಕ ಸೇಡು ತೀರಿಸಿಕೊಂಡ, ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ, ಬೈಯಲೂ ಇಲ್ಲ. ತನ್ನ ಮೇಜಿಗೆ ಹೋದ.

ಒಂಬತ್ತೂ ಹತ್ತಕ್ಕೆ, ಎತ್ತಿದ ಬಲಗೈ ಎತ್ತಿದಲ್ಲಿಂದಲೇ ಕಡಿದ ಕೊಂಬೆಯಂತೆ ಬಿತ್ತು. ಕತ್ತಿ ಕೈಯನ್ನು ಬಿಡಲಿಲ್ಲ, ಬಿಗಿದಿತ್ತು. ಕೈಯೊಡನೆ ಬೀಸಿಕೊಂಡು ಬಂದು ತಮ್ಮನ ಎಡತೊಡೆಯನ್ನು ಒಂದು ಗೇಣು ಸೀಳಿತು. ಬಲಗಾಲು ಮಡಚಿ ಅಣ್ಣ ಕುಸಿದ. ಕತ್ತಿಯ ಮೊನೆ ಠಣ್ ಎಂದು ನೆಲಕ್ಕೆ ಬಡಿಯಿತು.

ಸಾಲು ನಿಂತಿತು. ಸಾಲು ನೋಡಿಕೊಳ್ಳುವ ಮೇಸ್ತ್ರಿ ಓಡಿಬಂದು ಅಣ್ಣನ ಕೈಗವಸು ಕಿತ್ತ. ಪಟ್ಟಿ ಎಲ್ಲರಿಗೂ ಕಂಡಿತು. ಕತ್ತಿಯನ್ನು ಅವನು ಎಳೆದುಕೊಂಡ, ಪಟ್ಟಿ ಸಡಿಲಿ ಮಣಿಕಟ್ಟಿನಲ್ಲಿ ಉಳಿಯಿತು.

"ಕಟ್ಕೊಂಡು ಬಂದಿದಾನೆ! ಬೀಳುತ್ತೆ ಅಂತ ಗೊತ್ತಿದ್ದೇ ಕಟ್ಕೊಂಡು ಬಂದಿದಾನೆ ಕುಡುಕ ನನ್ಮಗ!" ಎಂದು ಮೇಸ್ತ್ರಿ ಕೂಗಿದ.

ಅಣ್ಣ ಏನನ್ನೋ ಹೇಳಿದ. ಕುಡಿದವನ ನಾಲಿಗೆಯಂತೆಯೇ ಕೇಳಿಸಿತು.

"ಎತ್ರೋ" ಎಂದ ಮೇಸ್ತ್ರಿ. ಇಬ್ಬರು ಕಂಕುಳಿಗೆ ಕೈ ಕೊಟ್ಟು ನಿಲ್ಲಿಸಿದರು. ಬೂಟಿನೊಳಗೆ ತನ್ನದೇ ರಕ್ತ ಬಿಸಿಯಾಗಿ ತುಂಬುತ್ತಿದ್ದ ತಮ್ಮ ಎದುರು ಬಂದು ನಿಂತ. ಆರು ವರ್ಷ ಕಾದದ್ದು ಇದಕ್ಕೇ ಎಂದು ಆ ಕ್ಷಣದಲ್ಲೇ ತನಗೆ ಗೊತ್ತಾಯಿತು ಎಂದು ನನಗೆ ಹೇಳಿದ. ಮೊದಲನೆಯ ಏಟಿಗೆ ಎಡಗೆನ್ನೆಯ ಚರ್ಮ ಒಡೆಯಿತು. ಎರಡನೆಯದು ಅದೇ ಜಾಗಕ್ಕೆ. ಮೂರನೆಯದು ಹುಬ್ಬಿಗೆ, ಹುಬ್ಬು ಬಾಯಿಬಿಟ್ಟು ಕಣ್ಣಿನೊಳಕ್ಕೆ ರಕ್ತ ಹರಿಯಿತು. ನಾಲ್ಕನೆಯದು ದವಡೆಗೆ ಬಿದ್ದಾಗ ಹಿಡಿದುಕೊಂಡವರೂ ತಡವರಿಸಿದರು. ಅಣ್ಣ ಕೈ ಅಡ್ಡ ತರಲಿಲ್ಲ, ಮುಖ ತಪ್ಪಿಸಲೂ ಇಲ್ಲ. ಬಿಟ್ಟರು, ಬೆನ್ನಮೇಲೆ ಬಿದ್ದ.

ಕಟ್ಟಳೆ ಮುಗಿಯಿತು. ಎಲ್ಲರೂ ಅವರವರ ಮೇಜಿಗೆ ತಿರುಗಿದರು. ತಮ್ಮ ಅಣ್ಣನ ಬಲಗಡೆಯಲ್ಲಿ ಉಳಿದ. ಅಣ್ಣನ ಮುಖವೂ ಎರಡೂ ಕಣ್ಣೂ ಎಡಕ್ಕೆ, ಗೋಡೆಯ ಕಡೆಗೆ ತಿರುಗಿದ್ದವು.

"ನೋಡು ಇಲ್ಲಿ" ಎಂದ ತಮ್ಮ.

ಕಣ್ಣು ತಿರುಗಲಿಲ್ಲ.

"ನನ್ನ ಮುಖ ನೋಡೋಕೂ ಹೇಸಿಗೆಯಾ ನಿನಗೆ?"

ಕಣ್ಣು ಗೋಡೆಯನ್ನೇ ನೋಡುತ್ತಿತ್ತು. ತಮ್ಮ ಬೂಟುಗಾಲೆತ್ತಿ ಅಣ್ಣನ ಬಲಗಿವಿಯ ಹಿಂದಕ್ಕೆ ಒದ್ದ. ತಲೆ ನೆಲದ ಮೇಲೆ ಹೊರಳಿ ಮತ್ತೆ ಎಡಕ್ಕೇ ನಿಂತಿತು. ಯಾರೂ ನೋಡಲಿಲ್ಲ.

ಮುದುಕ ನೀರಿನ ಬಕೆಟ್ಟು ತಂದು ಸುರಿದ. ಎಡಗೈ ನೀರನ್ನು ಒರೆಸಿತು, ಎಡಗಾಲು ನೆಲವನ್ನು ಒದ್ದಾಡಿತು. ಬಲಗಡೆಯ ಅರ್ಧ ಮೈ ಉಪ್ಪಿನ ಚೀಲದಂತೆ ಬಿದ್ದಿತ್ತು. ಮುದುಕ ಬಗ್ಗಿ ಬಾಯಿಯ ಹತ್ತಿರ ಮೂಗು ಇಟ್ಟ. ಆಮೇಲೆ ನಿಧಾನವಾಗಿ ನೆಟ್ಟಗಾದ.

"ಕುಡಿದಿಲ್ಲ ಕಣ್ರೋ" ಎಂದ.

ಮಾಂಸ ಸಾಗಿಸುವ ವ್ಯಾನಿನಲ್ಲಿ, ಕೊಕ್ಕೆಗಳ ಕೆಳಗೆ, ಅವನನ್ನು ಆಸ್ಪತ್ರೆಗೆ ಒಯ್ದರು. ದಾರಿಯುದ್ದಕ್ಕೂ ಮೇಸ್ತ್ರಿ ತಮ್ಮನ ಕಿವಿಯಲ್ಲಿ ಒಂದೇ ಮಾತನ್ನು ಊದಿದ. "ಕಾಲು ಜಾರಿ ಬಿದ್ದ. ಅಷ್ಟೇ. ಏಟಿನ ಮಾತು ಬಂತೋ, ನಿನ್ನ ಕೈಗೆ ಬೇಡಿ, ನಮ್ಮ ಬಾಗಿಲಿಗೆ ಬೀಗ. ಹಾವೂ ಸಾಯಬಾರದು, ಕೋಲೂ ಮುರೀಬಾರದು. ತಿಳೀತಾ?"

ನರರೋಗದ ಡಾಕ್ಟರು ಕುಳ್ಳಗಿನ, ಚುರುಕು ಹೆಜ್ಜೆಯ ಹೆಂಗಸು. ಅಣ್ಣನ ಎರಡೂ ಕೈಗಳನ್ನು ಎತ್ತಿ ಬಿಟ್ಟಳು. ಎಡಗೈ ನಿಂತಿತು, ಬಲಗೈ ಮಂಚಕ್ಕೆ ಬಡಿಯಿತು. ಬಲಗೈಯ ಉಗುರನ್ನು ಪೆನ್ನಿನಿಂದ ಒತ್ತಿದಳು, ಅಣ್ಣ ಮುಖ ಕಿವುಚಲಿಲ್ಲ. ಒಡನೆಯೇ ತಲೆಯ ಚಿತ್ರ ತೆಗೆಯಲು ಕಳುಹಿಸಿದಳು. ಚಿತ್ರ ಕೈಗೆ ಬಂದಾಗ ಹತ್ತು ಗಂಟೆ. ಹಜಾರದಲ್ಲಿ, ತೊಡೆಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದ ತಮ್ಮನ ಎದುರು ಬಂದಳು. ಹಿಂದೆ ಮೇಸ್ತ್ರಿ ನಿಂತಿದ್ದ.

"ಸರಿಯಾಗಿದ್ದದ್ದನ್ನ ಕೊನೇ ಸಲ ನೋಡಿದ್ದು ಎಷ್ಟು ಹೊತ್ತಿಗೆ?"

"ಒಂಬತ್ತಕ್ಕೆ ಕಾಲು ಗಂಟೆ ಇತ್ತು. ಒಂಬತ್ತಕ್ಕೆ ಬಾಯಿಂದ ಚಾ ಸೋರ್ತು. ಆಮೇಲೆ… ಜಾರಿ ಬಿದ್ದ."

"ಜಾರಿ ಬಿದ್ದ." ಆಕೆ ಆ ಮಾತನ್ನು ನಾಲಿಗೆಯ ಮೇಲಿಟ್ಟು ತೂಗಿದಂತೆ ನುಡಿದಳು. "ಎಡಗೆನ್ನೆ ಮೇಲೆ ಸಾಲಾಗಿ ಗೆಣ್ಣಿನ ಗುರುತಿದೆ. ನೆಲಕ್ಕೆ ಗೆಣ್ಣು ಇರುತ್ತೇನ್ರೀ?"

"ಬೀಳೋವಾಗ ಮೇಜು ತಾಗಿರಬಹುದು ಮೇಡಂ" ಎಂದ ಮೇಸ್ತ್ರಿ.

"ನಿಮ್ಮನ್ನ ಕೇಳಲಿಲ್ಲ." ಆಕೆ ತಮ್ಮನಿಂದ ಕಣ್ಣು ತೆಗೆಯಲಿಲ್ಲ. "ಊದಿರೋದು ಎಡಗೆನ್ನೆ. ಜೋತಿರೋದು ಬಲಗಡೆ ಬಾಯಿ. ಎಡಕ್ಕೆ ಬಿದ್ದ ಏಟಿಗೆ ಬಲಕ್ಕೆ ಜೋತುಬೀಳಲ್ಲ. ಇದು ಏಟಿನಿಂದ ಬಂದದ್ದಲ್ಲ, ಮಿದುಳಿಗೆ ಹೋಗೋ ಎಡಗಡೆಯ ದೊಡ್ಡ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದೆ. ಚಿತ್ರದಲ್ಲಿ ಎದ್ದು ಕಾಣ್ತಿದೆ. ಅದರಾಚೆಗಿನ ಮಿದುಳು ಉಸಿರು ಕಟ್ಟಿ ಸಾಯ್ತಿದೆ, ನಿಮಿಷಕ್ಕೆ ಲಕ್ಷಗಟ್ಟಲೆ ಜೀವಕೋಶ. ಹೆಪ್ಪು ಕರಗಿಸೋ ಔಷಧಿ ಇದೆ. ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಹೊತ್ತು ಮೀರಿಲ್ಲ. ಆದ್ರೆ ತಲೆಗೆ ಜೋರು ಪೆಟ್ಟು ಬಿದ್ದಿದ್ರೆ ಅದೇ ಔಷಧಿ ಬುರುಡೆಯೊಳಗೆ ರಕ್ತ ಹರಿಸಬಹುದು. ಆಗ ಉಳಿಸೋಕೆ ಹೋಗಿ ನಾನೇ ಕೊಂದ ಹಾಗೆ. ನಿಮ್ಮ ಬಾಯಿಂದ ಕೇಳಬೇಕು. ಏನಾಯ್ತು?"

ಮೇಸ್ತ್ರಿಯ ಬೆರಳುಗಳು ತಮ್ಮನ ಬೆನ್ನಿನ ಅಂಗಿಯನ್ನು ಹಿಡಿದು ತಿರುಚಿದವು.

"ಹೊಡೆದೆ" ಎಂದ ತಮ್ಮ. "ನಾನೇ ಹೊಡೆದೆ. ಮುಖಕ್ಕೆ. ಮುಷ್ಟಿಲಿ."

ಮೇಸ್ತ್ರಿ ಅವನನ್ನು ತಿರುಗಿಸಿ ಗೋಡೆಗೆ ಬಡಿದ. "ಮನೆಹಾಳ! ಐದು ಮನೆ ಅನ್ನಕ್ಕೆ ಮಣ್ಣು ಹಾಕಿದ್ಯಲ್ಲೋ!" ತಮ್ಮನ ಸೀಳಿದ ತೊಡೆಯ ಮೇಲೆ ಮೊಣಕಾಲು ಊರಿ ಗಂಟಲು ಹಿಡಿದ. ತಮ್ಮ ಹಣೆಯಿಂದ ಅವನ ಮೂಗಿಗೆ ಗುದ್ದಿದ. ಕಾವಲಿನವರು ಬಂದು ಬಿಡಿಸುವಷ್ಟರಲ್ಲಿ ಹಜಾರದ ಬಿಳಿಯ ಗೋಡೆಯ ಮೇಲೆ ಇಬ್ಬರ ರಕ್ತವೂ ಇತ್ತು. ಡಾಕ್ಟರು ಒಂದು ಹೆಜ್ಜೆಯೂ ಹಿಂದೆ ಸರಿದಿರಲಿಲ್ಲ.

"ಎಷ್ಟು ಏಟು?"

"ನಾಲ್ಕು."

"ಬಿದ್ದ ಮೇಲೆ?"

ತಮ್ಮ ಉಸಿರೆಳೆದುಕೊಂಡ. ನಾಲ್ಕು ಕಟ್ಟಳೆಯದು, ಐದನೆಯದು ಅವನೊಬ್ಬನದು.

"ನಾಲ್ಕೇ" ಎಂದ.

"ಔಷಧಿ ಬೇಡ" ಎಂದು ಆಕೆ ಒಳಗಿನವರಿಗೆ ಕೂಗಿದಳು. "ತಂತಿ ಹಾಕಿ ಹೆಪ್ಪನ್ನ ಎಳೀಬೇಕು. ಕೋಣೆ ಸಜ್ಜು ಮಾಡಿ."

ಅಷ್ಟರಲ್ಲಿ ಅತ್ತಿಗೆ ಬಂದಳು. ಒಗೆಯುವ ಅಂಗಡಿಯ ಸೋಪಿನ ಕೈಯಲ್ಲೇ ಓಡಿಬಂದಿದ್ದಳು. ವಿಷಯ ಕಿವಿಗೆ ಬಿದ್ದದ್ದೇ ಮೈದುನನ ಮೇಲೆ ಎರಗಿ, ಕೈಗೆ ಸಿಕ್ಕ ಉಕ್ಕಿನ ತಟ್ಟೆಯಿಂದ ತಲೆಗೆ, ಭುಜಕ್ಕೆ, ಅಡ್ಡ ತಂದ ತೋಳಿಗೆ ಬಡಿದಳು. "ಹೆತ್ತ ಅಪ್ಪನ ಹಾಗೆ ಸಾಕಿದವರ ಮೇಲೆ ಕೈ ಮಾಡಿದ್ಯಲ್ಲೋ! ನಿನ್ನ ಕೈ ಸೇದಿಹೋಗ! ನಿನ್ನ ಕೈ…"

ಗಾಜಿನಾಚೆ ಮಂಚದಿಂದ ಜೋತುಬಿದ್ದಿದ್ದ ಗಂಡನ ಕೈ ಕಂಡಿತು. ಮಣಿಕಟ್ಟಿನಲ್ಲಿ ಇನ್ನೂ ಅವಳೇ ಹೊಲಿದ ಪಟ್ಟಿ.

ತಟ್ಟೆಯನ್ನು ಕೆಳಗಿಟ್ಟಳು. "ಡಾಕ್ಟ್ರೇ, ಹದಿನೈದು ದಿನದ ಹಿಂದೆ ಹತ್ತು ನಿಮಿಷ ಹೀಗೇ ಆಗಿತ್ತು" ಎಂದಳು. "ನನಗೆ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಆ ಪಟ್ಟಿ ಹೊಲಿದುಕೊಟ್ಟೋಳೂ ನಾನೇ."

"ಎದೆ ಹೊಡೆದುಕೊಳ್ತಿತ್ತಾ?"

"ಅಡ್ಡಾದಿಡ್ಡಿ. ಹೊಗೆಸೊಪ್ಪು ಹೆಚ್ಚಾಯ್ತು ಅಂತಿದ್ರು."

"ಹೃದಯದ ಬಡಿತ ತಪ್ಪಿದೆ. ಮೇಲಿನ ಕೋಣೆ ಹಿಂಡೋ ಬದಲು ಬರೀ ನಡುಗ್ತಿದೆ. ನಿಂತ ರಕ್ತ ಹೆಪ್ಪುಗಟ್ಟುತ್ತೆ, ಚೂರು ಕಿತ್ತು ತಲೆಗೆ ಹೋಗುತ್ತೆ. ಮೊದಲ ಸಲ ತಾನಾಗೇ ಕರಗಿದೆ. ಆವತ್ತೇ ಬಂದಿದ್ರೆ ರಕ್ತ ತೆಳು ಮಾಡೋ ಮಾತ್ರೆ ಕೊಡ್ತಿದ್ದೆ. ಬಹುಶಃ ಇವತ್ತು ಇಲ್ಲಿ ಇರ್ತಿರಲಿಲ್ಲ ನೀವು. ಇಲ್ಲಿ ರುಜು ಹಾಕಿ."

ತೊಡೆಸಂದಿಯ ರಕ್ತನಾಳಕ್ಕೆ ತೂತು ಮಾಡಿ, ಕುತ್ತಿಗೆಯ ಮೂಲಕ ತಲೆಯವರೆಗೆ ತಂತಿ ಹಾಯಿಸಿದರು. ಹಸಿ ಗಾಯದ ತೊಡೆಯನ್ನು ಒತ್ತಿ ಹಿಡಿದು ತಮ್ಮ ಹೊರಗೆ ಕುಳಿತ. ಕುರಿಯ ಮೈಯಲ್ಲಿ ಆ ದಾರಿಯೆಲ್ಲ ಅವನಿಗೆ ಗೊತ್ತಿತ್ತು. ಎಲ್ಲಿ ಕೊಯ್ದರೆ ಎಷ್ಟು ಬೇಗ ಬರಿದಾಗುತ್ತದೆ ಎಂದು ಮಾತ್ರ ಗೊತ್ತಿತ್ತು, ಅದೇ ದಾರಿಯಲ್ಲಿ ಒಳಹೊಕ್ಕು ಪ್ರಾಣ ತರಬಹುದೆಂದು ಗೊತ್ತಿರಲಿಲ್ಲ. ಹನ್ನೊಂದೂವರೆಗೆ ಡಾಕ್ಟರು ಹೊರಬಂದು ಬಿಳಿಯ ಬಟ್ಟೆಯ ತುಂಡನ್ನು ಬಿಡಿಸಿ ತೋರಿಸಿದಳು. ಎರಡು ಅಕ್ಕಿಕಾಳಿನಷ್ಟು ಉದ್ದದ ಕಪ್ಪುಗೆಂಪು ಚೂರು.

ಚರಂಡಿ ಕಟ್ಟದಿರಲೆಂದು ದಿನವೂ ಕೋಲಿನಿಂದ ಬಕೆಟ್ಟುಗಟ್ಟಲೆ ಹೆಪ್ಪುರಕ್ತ ಒಡೆಯುವವನು ತಮ್ಮ. "ಇಷ್ಟೇನಾ?" ಎಂದ.

"ಇಷ್ಟೇ. ನಾಳ ತೆರೆದಿದೆ. ಸತ್ತ ಭಾಗ ಸತ್ತಿದೆ. ಎಷ್ಟು ಅಂತ ಮುಂದೆ ನೋಡಬೇಕು. ಕೈ, ಮಾತು, ಎರಡರ ಭರವಸೆಯನ್ನೂ ಈಗ ಕೊಡಲಾರೆ."

"ಒಂದು ಮಾತು ಕೇಳ್ಲಾ? ಬಿದ್ದಾಗ ಅವನು ನನ್ನ ನೋಡಲಿಲ್ಲ. ಕರೆದೆ. ಮುಖ ಆಚೆ ತಿರುಗಿಸ್ಕೊಂಡಿದ್ದ."

"ಎಡಮಿದುಳಿಗೆ ರಕ್ತ ನಿಂತ್ರೆ ಎರಡೂ ಕಣ್ಣು ಎಡಕ್ಕೇ ಎಳೆದುಕೊಳ್ಳುತ್ತೆ. ನೀವು ಬಲಗಡೆ ನಿಂತಿದ್ರಾ? ಹಾಗಾದ್ರೆ ಆ ಗಳಿಗೆಯಲ್ಲಿ ಅವರ ಪಾಲಿಗೆ ನೀವು ಅಲ್ಲಿ ಇರಲೇ ಇಲ್ಲ."

ತಮ್ಮ ಹಜಾರದ ಕೊನೆಯ ತೊಟ್ಟಿಗೆ ಹೋಗಿ, ಒದ್ದ ಬೂಟನ್ನು ಕಳಚಿ ತೊಳೆದ.

ಡಾಕ್ಟರು ತಿಳಿಸಬೇಕಾದವರಿಗೆ ತಿಳಿಸಿದಳು. ಪೊಲೀಸಿನವನು ಬಂದು ಬರೆದುಕೊಂಡ. ಏಟು ತಿಂದವನಿಗೆ ಮಾತು ಬಂದ ಮೇಲೆ ಅವನ ಹೇಳಿಕೆ ಪಡೆಯುವುದೆಂದಾಯಿತು. ಅಂದಿನಿಂದ ತಮ್ಮ ಅಣ್ಣನ ಬಾಯಿಯನ್ನೇ ಕಾದ. ಅದು ತೆರೆಯಲಿ ಎಂಬ ಆಸೆಯೂ ಅವನದೇ, ತೆರೆದರೆ ಐದನೆಯದು ಹೊರಬೀಳುತ್ತದೆಂಬ ಹೆದರಿಕೆಯೂ ಅವನದೇ.

ಐದನೆಯ ದಿನ ಬಂದ ಮೊದಲ ಮಾತು "ಕತ್ತೆ". ಡಾಕ್ಟರಿಗೂ ಕತ್ತೆ, ನೀರಿಗೂ ಕತ್ತೆ, ಹೆಂಡತಿಗೂ ಕತ್ತೆ. "ಇಪ್ಪತ್ತಾರು ವರ್ಷದಿಂದ ಹಾಗೇ ಕರೀತಿದ್ರು" ಎಂದು ಅತ್ತಿಗೆ ಕಣ್ಣೊರೆಸಿಕೊಂಡಳು. "ಅದಕ್ಕೆ ಕಾಯಿಲೆ ಬೇರೆ ಬೇಕಿತ್ತಾ."

ಬಲಗೈ ಮಾತ್ರ ಸತ್ತಂತಿತ್ತು. ವ್ಯಾಯಾಮ ಮಾಡಿಸುವಾತ ಹಿಚುಕಲು ರಬ್ಬರಿನ ಚೆಂಡು ಕೊಟ್ಟರೆ ಅಣ್ಣ ಎಡಗೈಯಿಂದ ಅದನ್ನು ಅವನ ಹಣೆಗೇ ಎಸೆದ. ಹನ್ನೆರಡನೆಯ ದಿನ ತಮ್ಮ ಮಂಚದ ಎಡಗಡೆಗೆ, ಕಣ್ಣಿಗೆ ಕಾಣುವಲ್ಲಿ, ಮಂಡಿಯೂರಿ, ಹಾಸಿಗೆಗೆ ಅಡ್ಡಲಾಗಿ ಬಾಗಿ, ಮುಖವನ್ನು ಆಚೆಬದಿಯ ಸತ್ತ ಕೈಯ ಹತ್ತಿರಕ್ಕೆ ಚಾಚಿದ.

"ಹೊಡಿ ಅಣ್ಣ."

ಅಣ್ಣ ಆ ಮುಖವನ್ನು ನೋಡಿದ. ಬಲಗೈಯ ಹೆಬ್ಬೆರಳು ಒಳಕ್ಕೆ ಬಾಗಿತು. ಮಿಕ್ಕ ಬೆರಳುಗಳು ಒಂದೊಂದಾಗಿ, ಮುದುಕಿಯರು ಮೆಟ್ಟಿಲಿಳಿಯುವಂತೆ, ಮಡಚಿದವು. ಮುಷ್ಟಿ ಹಾಸಿಗೆಯಿಂದ ಎರಡು ಬೆರಳಿನಷ್ಟು ಮೇಲೆದ್ದು ತಮ್ಮನ ಗದ್ದಕ್ಕೆ ತಾಕಿ ಬಿತ್ತು.

"ಇನ್ನೊಂದು ಸಲ" ಎಂದಳು ಬಾಗಿಲಲ್ಲಿ ನಿಂತಿದ್ದ ಡಾಕ್ಟರು. "ದಿನಾ ಹತ್ತು ಸಲ. ಇವರು ಬರ್ಲಿ."

ದಿನವೂ ತಮ್ಮ ಹೋಗಿ ಮುಖ ಕೊಟ್ಟ. ಮನೆಗೆ ಬಂದ ಮೇಲೂ ಕೊಟ್ಟ. ನೋಯದ ಏಟಿಗೆ "ಇದು ಎಣಿಕೆಗಿಲ್ಲ, ಕುರಿಮರಿ ನೆಕ್ಕಿದ ಹಾಗಿತ್ತು" ಎಂದು ಕೆಣಕುತ್ತಿದ್ದ. ಅಣ್ಣ ರೇಗುತ್ತಿದ್ದ, ರೇಗಿದಷ್ಟೂ ಕೈ ಏಳುತ್ತಿತ್ತು. ಮೂವತ್ತನೆಯ ದಿನ ಮೊದಲ ನಿಜವಾದ ಏಟು ಬಿತ್ತು. ಎರಡನೆಯದು, ಮೂರನೆಯದು ಅದಾದ ವಾರಗಳಲ್ಲಿ. ಎಪ್ಪತ್ತೊಂದನೆಯ ದಿನ ನಾಲ್ಕನೆಯದು ಬಿದ್ದು ತಮ್ಮನ ಕೆಳದುಟಿ ಹಲ್ಲಿಗೆ ಸಿಕ್ಕಿ ಸೀಳಿ ಅಂಗಿಯ ಮೇಲೆಲ್ಲ ರಕ್ತ ಸುರಿಯಿತು. ಅತ್ತಿಗೆ ಬೀದಿಗೆ ಕೇಳುವಂತೆ ಕೂಗಿದಳು, "ರಕ್ತ ಬಂತು! ಬನ್ರೇ, ರಕ್ತ ಬಂತು!" ಪಕ್ಕದ ಮನೆಯವರು ಕೊಲೆಯಾಯಿತೆಂದು ಓಡಿಬಂದರು.

ಆ ವಾರವೇ ಪೊಲೀಸಿನವನೂ ಬಂದ. "ನಿಮ್ಮ ತಮ್ಮ ಹೊಡೆದದ್ದು ಹೇಗೆ, ಎಷ್ಟು? ಹೇಳೋಕಾಗುತ್ತಾ?"

ತಮ್ಮ ಗೋಡೆಗೆ ಒರಗಿ ನಿಂತಿದ್ದ.

ಅಣ್ಣ ಮಾತನ್ನು ಬಾಯಿಯೊಳಗೇ ಹುಡುಕಿದ. "ಬಿ… ಬಿದ್ದೆ" ಎಂದ. "ಜಾರಿ. ಬಿದ್ದೆ. ಹೋಗು, ಕತ್ತೆ."

ಪೊಲೀಸಿನವನು ಹಾಗೆಯೇ ಬರೆದುಕೊಂಡು ಹೋದ. ಬಾಗಿಲು ಮುಚ್ಚಿದ ಮೇಲೆ ತಮ್ಮ ಹತ್ತಿರ ಬಂದು ಕುಳಿತ. ತುಟಿಯ ಹೊಲಿಗೆಯ ನಡುವೆಯೇ ನಗಲು ನೋಡಿದ. "ಆಯ್ತಲ್ಲ ಅಣ್ಣ. ನಾಲ್ಕಕ್ಕೆ ನಾಲ್ಕು. ಸಾಲಿನ ಕಟ್ಟಳೆ ಮುಗೀತು."

ಅಣ್ಣ ಇಲ್ಲವೆಂದು ತಲೆಯಾಡಿಸಿದ. ಎಡಗೈ ಎತ್ತಿ ತನ್ನ ಬಲಗಿವಿಯ ಹಿಂದೆ ಬೆರಳಿಟ್ಟ.

"ಐದು" ಎಂದ.

ತಮ್ಮ ಎದ್ದು, ಅಣ್ಣನ ಕುರ್ಚಿಯ ಮುಂದೆ ನೆಲದ ಮೇಲೆ ಮಲಗಿ, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದ. ಅಣ್ಣ ತನ್ನ ಬಲಗಾಲನ್ನು ನೋಡಿದ. ಊರುಗೋಲಿಲ್ಲದೆ ಅದು ಇನ್ನೂ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಕತ್ತಿನ ನರ ಉಬ್ಬುವಷ್ಟು ಎಳೆದ. ಕಾಲು ನೆಲವನ್ನು ಬಿಡಲಿಲ್ಲ.

"ನಾಳೆ" ಎಂದ ಅಣ್ಣ.

ಈಗ ಮೊದಲ ಮೇಜು ತಮ್ಮನದು. ರಕ್ತ ತೆಳು ಮಾಡುವ ಮಾತ್ರೆ ನುಂಗುವವನು ಕತ್ತಿಯ ಹತ್ತಿರ ಸುಳಿಯಬಾರದೆಂದು ಡಾಕ್ಟರು ಅಣ್ಣನಿಗೆ ಖಂಡಿತವಾಗಿ ಹೇಳಿದ್ದಾಳೆ. ಕಟ್ಟಳೆ ಹೋಗಿಲ್ಲ, ಮೇಸ್ತ್ರಿ ಬಿಟ್ಟುಕೊಟ್ಟಿಲ್ಲ. ಕಾರಣ ಕೇಳುವಂತಿಲ್ಲ ಎಂಬುದಷ್ಟೇ ಹೋಗಿದೆ. ಕತ್ತಿ ಬೀಳಿಸಿದವನು, ಮಿದುಳಿಗೆ ರಕ್ತ ನಿಂತಿಲ್ಲವೆಂದು ತೋರಿಸಲು, ಮೊದಲು ಹಲ್ಲು ಕಾಣುವಂತೆ ನಗಬೇಕು, ಎರಡೂ ಕೈ ಎತ್ತಬೇಕು, ತನ್ನ ಬೀದಿಯ ಹೆಸರು ಹೇಳಬೇಕು. ಹೋದ ವರ್ಷ ಮೂರನೆಯ ಮೇಜಿನವನು ಸೊಗಸಾಗಿ ನಕ್ಕು, ಕೈಯೆತ್ತಿ, ಬೀದಿಯ ಹೆಸರಿನ ಜೊತೆಗೆ ಸಾರಾಯಿಯ ವಾಸನೆಯನ್ನೂ ಬಿಟ್ಟನಂತೆ, ನಾಲ್ಕನ್ನೂ ತಿಂದ.

ತಮ್ಮ ದಿನವೂ ಬೆಳಿಗ್ಗೆ ಅಣ್ಣನ ಕಾಲಿನ ಮುಂದೆ ಮಲಗಿದ. ಆ ಕಾಲು ನೆಲದಿಂದ ನಾಲ್ಕು ಬೆರಳಿನಷ್ಟು ಎದ್ದದ್ದು ಐದು ತಿಂಗಳ ಮೇಲೆ. ಆ ದಿನ ಅತ್ತಿಗೆ ಗಂಡನ ಕಾಲಿಗೆ ಹಳೆಯ ರಬ್ಬರು ಬೂಟನ್ನು ತಾನೇ ತೊಡಿಸಿದಳಂತೆ. ಕಥೆ ಮುಗಿಸಿದ ತಮ್ಮ ನನ್ನ ಮುಂದೆ ತಲೆ ಬಗ್ಗಿಸಿ, ಕೂದಲು ಸರಿಸಿ, ಬಲಗಿವಿಯ ಹಿಂದಿನ ಗುರುತನ್ನು ಮುಟ್ಟಿ ನೋಡಲು ಹೇಳಿದ. ಮುಟ್ಟಿದೆ. ಹೆಬ್ಬೆರಳಿನಷ್ಟು ಅಗಲ, ಕೂದಲು ಹುಟ್ಟಿಲ್ಲ.